ತೊಕಿಯೆಯ ಎರಡನೇ ಏಟು

ನುಮಾಜಿರಿ ತೊಕಿಯೆ ಡಾಕ್ಟರ್ ಅಕುತ್ಸು ಅವರ ಮಣಿಕಟ್ಟು ಮುರಿದದ್ದು ಮೇ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ. ಅದಾದ ಮೂರು ನಾಲ್ಕು ಸೆಕೆಂಡಿಗೆ ಅವರ ದವಡೆಯನ್ನೂ ಮುರಿದಳು. ಎರಡಕ್ಕೂ ಬಳಸಿದ್ದು ಒಂದೇ ಮರದ ಸುತ್ತಿಗೆ. ನಾನು ಓಡಿ ಹೋಗಿ ನೋಡುವಾಗ ಅವಳು ಅವರ ಎರಡೂ ಕಾಲು ಹಿಡಿದು ಜಲ್ಲಿಯ ಮೇಲೆ ದರದರ ಎಳೆಯುತ್ತಿದ್ದಳು. ಅವರ ತಲೆ ಕಲ್ಲಿಂದ ಕಲ್ಲಿಗೆ ಕುಟ್ಟಿಕೊಳ್ಳುತ್ತಿತ್ತು.

ನನ್ನ ಹೆಸರು ಇಸೊಬೆ. ಆ ಸಂಶೋಧನಾ ಅಂಗಳದಲ್ಲಿ ಗಾಜು ತೊಳೆಯುವುದು, ಹುಲ್ಲು ಕತ್ತರಿಸುವುದು, ಗೇಟು ತೆಗೆಯುವುದು ನನ್ನ ಕೆಲಸವಾಗಿತ್ತು. ಆ ದಿನದ ಬಗ್ಗೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ನಾನು ತಲೆ ತಗ್ಗಿಸಬೇಕಾದ ಭಾಗವನ್ನೂ ಬಿಡುವುದಿಲ್ಲ.

ತೊಕಿಯೆ ಮತ್ತು ನಾನು ಒಂದೇ ಶಾಲೆಯಲ್ಲಿ ಓದಿದವರು. ಅವಳದು ಬಾಣಬಿರುಸು ಮಾಡುವ ಮನೆತನ. ಬೇಸಿಗೆಯಲ್ಲಿ ಸರೋವರದ ಮೇಲೆ ಅರಳುವ ಬೆಂಕಿಯ ಹೂಗಳಲ್ಲಿ ಅರ್ಧಕ್ಕರ್ಧ ಅವಳ ಅಪ್ಪ ತೊರಾಕಿಚಿ ಕಟ್ಟಿದವೇ. ಊರೆಲ್ಲ ಅವನಿಗೆ ಕೈ ಮುಗಿಯುತ್ತಿತ್ತು. ಮನೆಯಲ್ಲಿ ಮಾತ್ರ ಅವನ ಮಾತಿಗಿಂತ ಮುಂಚೆ ಅವನ ಕೈ ಬರುತ್ತಿತ್ತು. ಸಿಡಿಮದ್ದು ತುಂಬುವ ಚಿಪ್ಪುಗಳಿಗೆ ಕಾಗದ ಅಂಟಿಸುವಾಗ ಸುಕ್ಕು ಬಿದ್ದರೆ ಬೆರಳ ಗಿಣ್ಣಿಗೆ ಬಿದಿರು ದಬ್ಬೆಯ ಏಟು. ತೊಕಿಯೆ ಶಾಲೆಗೆ ಬರುವಾಗ ಅವಳ ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿರುತ್ತಿದ್ದವು. ಮೇಷ್ಟ್ರು ನೋಡಿಯೂ ನೋಡದ ಹಾಗೆ ಪುಸ್ತಕದ ಪುಟ ತಿರುವುತ್ತಿದ್ದರು.

ಅವಳಿಗೆ ಹದಿಮೂರು ವರ್ಷ, ಅಣ್ಣ ಕಾತ್ಸುಮಿಗೆ ಹತ್ತೊಂಬತ್ತು. ಜನವರಿಯಲ್ಲಿ ನಮ್ಮ ಕಡೆ ಬೆಟ್ಟದಿಂದ ಇಳಿಯುವ ಗಾಳಿ ತೇವವನ್ನೆಲ್ಲ ಹೀರಿಬಿಡುತ್ತದೆ. ಬಾಗಿಲ ಹಿಡಿ ಮುಟ್ಟಿದರೂ ಚಟ್ ಎಂದು ಕಿಡಿ ಹಾರಿ ಬೆರಳಿಗೆ ಕುಟುಕುತ್ತದೆ. ಅಂಥ ದಿನಗಳಲ್ಲಿ ಮದ್ದು ಬೆರೆಸುವ ಶೆಡ್ಡಿಗೆ ಹತ್ತಿ ಬಟ್ಟೆ ತೊಟ್ಟೇ ಹೋಗಬೇಕು, ಬಾಗಿಲ ಪಕ್ಕದ ತಾಮ್ರದ ತಗಡು ಮುಟ್ಟಿಯೇ ಒಳಗೆ ಕಾಲಿಡಬೇಕು. ಆ ಬೆಳಿಗ್ಗೆ ಕಾತ್ಸುಮಿ ಹೊಸ ನೈಲಾನ್ ಜಾಕೀಟು ತೊಟ್ಟಿದ್ದ. ತೊಕಿಯೆ ಬಾವಿಯ ಹತ್ತಿರ ಬಟ್ಟಲು ತೊಳೆಯುತ್ತಿದ್ದವಳು ಅದನ್ನು ನೋಡಿ ಕೂಗಿದಳು: "ಅಣ್ಣಾ, ಜಾಕೀಟು ಬಿಚ್ಚೋ!"

"ಚಳಿ ಕಣೇ! ಒಂದ್ನಿಮಿಷ, ಬಂದ್ಬಿಟ್ಟೆ" ಎಂದು ಅವನು ನಕ್ಕು ಒಳಗೆ ಹೋದ.

ಶೆಡ್ಡು ಹಾರಿದ ಸದ್ದು ಶಾಲೆಯಲ್ಲಿದ್ದ ನಮಗೂ ಕೇಳಿಸಿತು. ಕಿಟಕಿಯ ಗಾಜುಗಳೆಲ್ಲ ಗಡಗಡ ನಡುಗಿದವು. ತೊಕಿಯೆಯ ಎಡಗಿವಿ ಅವತ್ತೇ ಹೋಯಿತು. ಅಣ್ಣನ ದೇಹವನ್ನು ಮೂರು ಕಡೆಯಿಂದ ಆರಿಸಿ ತರಬೇಕಾಯಿತು. ಮಣ್ಣು ಮಾಡಿ ಬಂದ ಸಂಜೆ, ನೆಂಟರೆಲ್ಲ ಇನ್ನೂ ಕೂತಿರುವಾಗಲೇ, ತೊರಾಕಿಚಿ ಮಗಳ ಜಡೆ ಹಿಡಿದು ಅಂಗಳಕ್ಕೆ ಎಳೆದು ತಂದ.

"ಕೂಗಿದ್ಯಂತೆ! ಕೂಗಿದ್ರೆ ಯಾವನು ಕೇಳ್ತಾನೆ? ಹೋಗಿ ಕಾಲ್ ಮುರ್ದಾದ್ರೂ ಈಚೆಗೆ ಎಳ್ಕೊಂಡ್ ಬರ್ಬೇಕಾಗಿತ್ತು ಕಣೇ, ಮುಂಡೇದೇ!"

ಒಂದೊಂದು ಮಾತಿಗೂ ಒಂದೊಂದು ಏಟು. ನನ್ನ ಅಪ್ಪ, ಇನ್ನಿಬ್ಬರು ಸೇರಿ ಬಿಡಿಸಿದರು. ಇಲ್ಲದಿದ್ದರೆ ಆ ದಿನವೇ ಎರಡನೇ ಹೆಣ ಬಿದ್ದಿರುತ್ತಿತ್ತು.

ಆಮೇಲೆ ಅವಳು ಕಟ್ಟಿಕೊಂಡವನೂ ಅಪ್ಪನಂಥವನೇ. ಸುಕೆಗಾವ ಎಂಬ ಲಾರಿ ಡ್ರೈವರು. ನಾಲ್ಕು ವರ್ಷದಲ್ಲಿ ಎರಡು ಪಕ್ಕೆಲುಬು, ಒಂದು ಹಲ್ಲು ಮುರಿದ. ಅವನನ್ನು ಬಿಟ್ಟು ಬಂದು ಗಾಜಿನ ಅಂಗಡಿ ಸೇರಿದಳು. ಒಂದು ದಿನ ಅವನು ಕುಡಿದು ಅಲ್ಲಿಗೂ ನುಗ್ಗಿದ. ಅವಳ ಕೈಯಲ್ಲಿ ಬಾಗಿಲಿನಷ್ಟು ದೊಡ್ಡ ಗಾಜು. ಅವನು ಗಾಜಿಗೇ ಒದ್ದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವಳ ತೋಳು ಮೀನು ಸೀಳಿದ ಹಾಗೆ ಸೀಳಿತು. ಪಕ್ಕದಲ್ಲೇ ಕಬ್ಬಿಣದ ಸಲಾಕೆ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.

ಬಹಳ ವರ್ಷಗಳ ಮೇಲೆ ನಾನು ಕೇಳಿದ್ದೆ: "ಯಾಕೆ ಸುಮ್ನಿದ್ದೆ ಅವತ್ತು? ನಾನಾಗಿದ್ರೆ ತಲೆ ಒಡೀತಿದ್ದೆ."

"ಅಪ್ಪನ ಕೈ ನನ್ನ ಭುಜದಲ್ಲೇ ಇದೆ ಇಸೊಬೆ" ಎಂದಳು. "ಒಂದ್ಸಲ ಎತ್ತಿದ್ರೆ ಅದು ಇಳಿಯಲ್ಲ. ಅದಕ್ಕೇ ಎತ್ತಲ್ಲ."

ಗಾಜಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮೇಲೆ ನಮ್ಮ ಅಂಗಳ ಶುರುವಾಯಿತು. ತಾವರೆ ಗೆಡ್ಡೆಯ ಗದ್ದೆಗಳ ಪಕ್ಕ, ಬಿಸಿಲು ಬೀಳುವ ಇಳಿಜಾರಿನಲ್ಲಿ, ಎಂಟುನೂರು ಗಾಜಿನ ಫಲಕಗಳು. ಒಂದೊಂದೂ ಊಟದ ತಟ್ಟೆಯಿಡುವ ಮಣೆಯಷ್ಟು. ಒಳಗೆ ಬಿಳಿ ಪುಡಿ ಬಳಿದ ಹಾಳೆ, ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ನೀರು. ಆ ಪುಡಿ ಅರೆವಾಹಕ. ಬಿಸಿಲು ತಾಗಿದರೆ ಸಾಕು, ತಂತಿಯಿಲ್ಲ, ಕರೆಂಟಿಲ್ಲ, ನೀರು ತನ್ನಷ್ಟಕ್ಕೆ ಒಡೆದು ಸಾಸಿವೆಯಂಥ ಗುಳ್ಳೆಗಳು ಏಳುತ್ತವೆ. ಜಲಜನಕವೂ ಆಮ್ಲಜನಕವೂ ಒಟ್ಟಿಗೇ ಬರುತ್ತವೆ. ಕೊಳವೆಗಳಲ್ಲಿ ಹರಿದು ಕೊನೆಯ ಶೆಡ್ಡಿಗೆ ಹೋಗುತ್ತವೆ. ಅಲ್ಲಿ ಎರಡನ್ನೂ ಬೇರೆ ಮಾಡಿ ಜಲಜನಕವನ್ನು ಸಿಲಿಂಡರಿಗೆ ತುಂಬುತ್ತಿದ್ದರು. ಅದೇ ಇಂಧನ.

ಗಾಜು ಕೂರಿಸಲು ಕೈ ಪಳಗಿದವರು ಬೇಕಾಗಿತ್ತು. ತೊಕಿಯೆ ಬಂದಳು. ಚೌಕಟ್ಟಿಗೆ ಗಾಜು ಇಟ್ಟು ಮರದ ಸುತ್ತಿಗೆಯಿಂದ ಟಕ್ ಟಕ್ ಎಂದು ನಾಲ್ಕು ಮೂಲೆ ತಟ್ಟುತ್ತಿದ್ದಳು. ಅವಳ ಕೈಯಲ್ಲಿ ಒಂದು ಗಾಜೂ ಬಿರುಕು ಬಿಟ್ಟಿದ್ದನ್ನು ನಾನು ಕಾಣೆ. ಬೇರೆಯವರು ಆ ಅನಿಲವನ್ನು ಬರಿಯ ಗುಳ್ಳೆ ಎಂದುಕೊಂಡರೆ ಅವಳು ಮಾತ್ರ ಮದ್ದು ಎಂದೇ ಕರೆಯುತ್ತಿದ್ದಳು. "ಇವತ್ತು ಮದ್ದು ಚೆನ್ನಾಗಿ ಬರ್ತಿದೆ" ಎನ್ನುವಳು. ಶೆಡ್ಡಿನ ಹೊರಗೋಡೆಗೆ ನೀರು ತುಂಬಿದ ಒಂದು ಗಾಜಿನ ಬಾಟಲಿ ಸಿಕ್ಕಿಸಿದ್ದರು. ಶೆಡ್ಡಿನೊಳಕ್ಕೆ ಬಂದ ಅನಿಲವೆಲ್ಲ ಅದರ ಮೂಲಕ ಗುಳುಗುಳು ಹಾಯ್ದು ಮುಂದೆ ಹೋಗಬೇಕು. ಅರ್ಧ ಕಿವುಡಿಯಾದ ಅವಳಿಗೆ ಅನಿಲ ಎಳೆಯುವ ಪಂಪಿನ ಸದ್ದು ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಆ ಬಾಟಲಿಯನ್ನೇ ನೋಡುತ್ತಿದ್ದಳು, ತಾಯಿ ಮಗುವಿನ ಎದೆ ಏರಿಳಿಯುವುದನ್ನು ನೋಡುವ ಹಾಗೆ.

ಅಂಗಳದ ಯಜಮಾನಿಕೆ ಡಾಕ್ಟರ್ ಅಕುತ್ಸು ಅವರದು. ನಲವತ್ತಾರು ವರ್ಷ, ಚೂಪು ಬುದ್ಧಿ. ಆ ಬಿಳಿ ಪುಡಿಯನ್ನು ಹಾಳೆಗೆ ಕಚ್ಚಿಸುವ ವಿದ್ಯೆ ಅವರದೇ. ಎಲ್ಲರೂ ಅವರನ್ನು ಸೆನ್ಸೈ ಎನ್ನುತ್ತಿದ್ದೆವು, ಗುರುಗಳು ಎಂದು. ಅವರ ಕೋಪವೂ ಅಷ್ಟೇ ಚೂಪು. ಸುರುಳಿ ಸುತ್ತಿದ ನಕ್ಷೆಯಿಂದ ತಲೆಗೆ ಬಾರಿಸುವುದು, ಬೀಕರು ಎಸೆಯುವುದು, ಕುರ್ಚಿಗೆ ಒದೆಯುವುದು, ಕುರ್ಚಿಯಲ್ಲಿ ಆಸಾಮಿ ಕೂತಿದ್ದರೂ ಸರಿ. "ನೀರು ಒಡೆದೂ ಒಡೆದೂ ಅಭ್ಯಾಸ ಆಗ್ಬಿಟ್ಟಿದೆ ಸೆನ್ಸೈಗೆ, ಕೈಗೆ ಸಿಕ್ಕಿದ್ದೆಲ್ಲ ಒಡೀತಾರೆ" ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮುಂದೆ ನಿಂತು ಯಾರೂ ಏನೂ ಹೇಳಿರಲಿಲ್ಲ.

ಶುರುವಿನಲ್ಲಿ ಅವರು ನಮ್ಮೆದುರೇ ಒಂದು ಫಲಕದೊಳಗೆ ಬೇಕೆಂದೇ ಕಿಡಿ ಹೊತ್ತಿಸಿ ತೋರಿಸಿದ್ದರು. ಪಟ್ ಎಂದು ಬೆರಳು ಚಿಟಿಕೆ ಹೊಡೆದಷ್ಟು ಸದ್ದು. ಗಾಜಿಗೆ ಏನೂ ಆಗಲಿಲ್ಲ. ಸಂದು ಅಷ್ಟು ಕಿರಿದು, ಬೆಂಕಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. "ನೋಡಿದ್ರಾ? ಸಾಧು ಹಸು" ಎಂದಿದ್ದರು. ತೊಕಿಯೆ ಮೆಲ್ಲಗೆ, "ಸಂದಿಯಲ್ಲಿ ಸಾಧು. ಕೋಣೇಲಿ ತುಂಬಿದ್ರೆ?" ಎಂದು ಕೇಳಿದ್ದಳು. ಅವರು ಕೇಳಿಸಿಕೊಳ್ಳಲಿಲ್ಲ.

ಆ ಗುರುವಾರದ ಹಿಂದಿನ ದಿನ, ಬುಧವಾರದ ಮಾತು. ಮರುದಿನ ಟೋಕಿಯೊದಿಂದ ದೊಡ್ಡ ಅತಿಥಿಗಳು ಬರುವವರಿದ್ದರು. ಶಿಬಾನುಮಾ ಚಿನಾತ್ಸು ಎಂಬ ಸಂಶೋಧಕಿ, ಇಪ್ಪತ್ತೇಳರ ಹುಡುಗಿ, ಎಲ್ಲರ ಮುಂದೆ ಬಂದು ನಿಂತಳು.

"ಸೆನ್ಸೈ, ಶೆಡ್ಡೊಳಗಿನ ಪೈಪಿನ ಜೋಡಣೆ ಬಿಸಿಗೆ ಸಡಿಲ ಆಗಿದೆ. ಒಂದು ದಿನ ಫಲಕಗಳಿಗೆ ಮುಸುಕು ಹಾಕಿ ನಿಲ್ಲಿಸೋಣ."

"ನಾಳೆ ಬರೋರಿಗೆ ಏನ್ ತೋರಿಸ್ಲಿ? ಮುಸುಕಾ?"

"ಅಪಾಯ ಸೆನ್ಸೈ..."

ಅವರ ಕೈಯಲ್ಲಿ ಕಾಗದ ಸಿಕ್ಕಿಸುವ ಪ್ಲಾಸ್ಟಿಕ್ ಹಲಗೆ ಇತ್ತು. ಅದರ ಅಂಚಿನಿಂದಲೇ ಅವಳ ಮುಖಕ್ಕೆ ಬೀಸಿದರು. ತುಟಿ ಎರಡು ಹೋಳಾಗಿ ರಕ್ತ ಗಲ್ಲದಿಂದ ಬಿಳಿ ಕೋಟಿಗೆ ಇಳಿಯಿತು. ನಾವು ಹನ್ನೊಂದು ಜನ ನಿಂತಿದ್ದೆವು. ಹನ್ನೊಂದು ಜನವೂ ನೆಲ ನೋಡಿದೆವು. ತೊಕಿಯೆ ಮಾತ್ರ ಮುಂದೆ ಬಂದು ತನ್ನ ಕತ್ತಿನ ಟವೆಲು ತೆಗೆದು ಹುಡುಗಿಯ ಬಾಯಿಗೆ ಒತ್ತಿದಳು. ಆಮೇಲೆ ಅವರ ಕಡೆ ತಿರುಗಿದಳು.

"ಇನ್ನೊಂದ್ಸಲ ಈ ಹುಡುಗಿ ಮೇಲೆ ಕೈ ಎತ್ತಿದ್ರೆ ಆ ಕೈ ಮುರೀತೀನಿ, ಸೆನ್ಸೈ."

"ನೀನು?" ಅಕುತ್ಸು ಜೋರಾಗಿ ನಕ್ಕರು. "ಅರ್ಧ ಕಿವಿ ಮುದುಕಿ! ಹೋಗು, ಗಾಜು ಒರೆಸು ಹೋಗು."

ಸಂಜೆ ಹೊರಡುವ ಮುಂಚೆ ಅವರು ನನ್ನನ್ನು ಕರೆದರು. ಶೆಡ್ಡಿನಲ್ಲಿ ಅನಿಲ ಸೋರಿದರೆ ಕೂಗುವ ಒಂದು ಅಲಾರಂ ಇತ್ತು. ಗಾಳಿಗೆ ತಂತಿ ಅಲುಗಿದರೂ ಅದು ಆಗಾಗ ಸುಮ್ಮಸುಮ್ಮನೆ ಅರಚುತ್ತಿತ್ತು. "ನಾಳೆ ಅತಿಥಿಗಳ ಮುಂದೆ ಇದು ಅರಚಿದ್ರೆ ನಿನ್ನ ಚರ್ಮ ಸುಲೀತೀನಿ. ಬಾಯಿ ಮುಚ್ಚಿಸು ಇದರದು" ಎಂದರು. ನಾನು ಪ್ಲಗ್ ಕಿತ್ತೆ. ಯಾರಿಗೂ ಹೇಳಲಿಲ್ಲ.

ಗುರುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಗಾಜುಗಳ ಮೇಲೆ ಕಣ್ಣಿಡಲಾಗುತ್ತಿರಲಿಲ್ಲ. ಅತಿಥಿಗಳು ಒಂದು ಗಂಟೆಗೆ ಬರುವವರು. ತೊಕಿಯೆ ಬೆಳಗಿನಿಂದ ಮೇಲಿನ ಸಾಲುಗಳಲ್ಲಿ ಚೌಕಟ್ಟು ತಟ್ಟುತ್ತಿದ್ದವಳು ಊಟಕ್ಕೆಂದು ಕೆಳಗೆ ಇಳಿದಳು. ಶೆಡ್ಡಿನ ಮುಂದೆ ಹಾಯುವಾಗ ಎಂದಿನಂತೆ ಬಾಟಲಿಯ ಕಡೆ ನೋಡಿದಳು. ಒಂದೂ ಗುಳ್ಳೆ ಇಲ್ಲ. ನೀರು ಸತ್ತು ಬಿದ್ದ ಹಾಗೆ ಇತ್ತು.

ಎಂಟುನೂರು ಫಲಕಗಳು ನೆತ್ತಿಯ ಬಿಸಿಲಿಗೆ ಮುಖ ಒಡ್ಡಿ ಕೂತಿವೆ. ಪಂಪನ್ನು ನಿಲ್ಲಿಸಬಹುದು, ಸೂರ್ಯನನ್ನು ನಿಲ್ಲಿಸಲಾಗದು. ಮದ್ದು ಹುಟ್ಟುತ್ತಲೇ ಇದೆ. ಬಾಟಲಿಗೆ ಬರುತ್ತಿಲ್ಲ ಎಂದರೆ ಅದಕ್ಕೂ ಮುಂಚೆಯೇ, ಶೆಡ್ಡೊಳಗೇ ಎಲ್ಲೋ ಸುರಿಯುತ್ತಿದೆ. ಶೆಡ್ಡು ಎರಡು ಚಾಪೆ ಹಾಸುವಷ್ಟೇ ಅಗಲ, ಬಾಗಿಲು ಮುಚ್ಚಿದೆ, ಬೆಳಗಿನಿಂದ ಮೂರು ಗಂಟೆ ಆಗಿದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸೂರಿನ ಕೆಳಗೆ ಸುಮ್ಮನೆ ಗುಂಪುಗಟ್ಟಿ ನಿಲ್ಲುತ್ತದೆ.

ಅವಳು ಬಾಗಿಲಿಗೆ ಕೈ ಹಾಕುವ ಮುಂಚೆಯೇ ಅಕುತ್ಸು ಹಿಂದಿನಿಂದ ಬಂದು ಬಾಗಿಲು ತಳ್ಳಿ ಒಳಗೆ ಹೋದರು. ಅತಿಥಿಗಳಿಗೆ ತೋರಿಸುವ ಮುಂಚೆ ಒಮ್ಮೆ ನೋಡಬೇಕೆಂದು ಬಂದವರು. ಒಳಗೆ ಒಲೆಯಂಥ ಬಿಸಿ. "ಥೂ, ಏನ್ ಸೆಕೆ" ಎನ್ನುತ್ತ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರು. ಫ್ಯಾನು ಇದ್ದದ್ದು ಸೂರಿಗೆ ಅಂಟಿಕೊಂಡೇ. ಹಳೆಯದು. ತಿರುಗಲು ಶುರುವಾಗುವಾಗ ಅದರ ಮೋಟರಿನಲ್ಲಿ ನೀಲಿ ಕಿಡಿ ಹಾರುವುದನ್ನು ನಾವೆಲ್ಲ ನೋಡಿದ್ದೆವು.

"ಮುಟ್ಬೇಡಿ! ಮದ್ದು ತುಂಬಿದೆ!" ತೊಕಿಯೆ ಕಿರುಚಿದಳು.

"ನಂಗೇ ಹೇಳ್ತೀಯಾ? ಅಲಾರಂ ಎಲ್ಲಿ ಕೂಗಿದೆ?" ಅವರ ಬೆರಳು ಸ್ವಿಚ್ಚಿನ ಮೇಲಿತ್ತು. ಅಲಾರಂ ಸತ್ತಿದೆ ಎಂಬುದು ಆ ಹೊತ್ತಿನಲ್ಲಿ ಅವರಿಗೇ ಮರೆತಿತ್ತು.

ಅವಳು ಎರಡನೇ ಸಲ ಕೂಗಲಿಲ್ಲ. ಸುತ್ತಿಗೆ ಎತ್ತಿ ಮಣಿಕಟ್ಟಿನ ಮೇಲೆ ಇಳಿಸಿದಳು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಆಮೇಲೆ ದವಡೆಗೆ. ಆಮೇಲೆ ಹೊರಕ್ಕೆ ಎಳೆದಳು. ನಾನು ಓಡಿ ಬಂದದ್ದು ಆಗಲೇ. ಅವರ ಬಾಯಿಂದ ರಕ್ತವೂ ಎರಡು ಹಲ್ಲೂ ಜಲ್ಲಿಯ ಮೇಲೆ ಬಿದ್ದಿದ್ದವು. ಅವಳು ಅವರನ್ನು ಬಿಟ್ಟು ಮತ್ತೆ ಶೆಡ್ಡಿಗೆ ಓಡಿ, ಹೊರಗಿನಿಂದ ಸೂರಿನ ಕೆಳಗಿದ್ದ ಕಿಟಕಿಯ ಗಾಜಿಗೆ ಸುತ್ತಿಗೆ ಬೀಸಿದಳು. ಮೂವತ್ತು ವರ್ಷ ಗಾಜು ಕಾಪಾಡಿದ ಕೈ ಅದನ್ನು ಚೂರು ಚೂರು ಮಾಡಿತು. ಮದ್ದು ಹೋಯಿತು. ಜಲಜನಕ ಹೋಗಲು ನಿಮಿಷ ಬೇಡ. ಎಲ್ಲಕ್ಕಿಂತ ಹಗುರ, ಸಿಕ್ಕ ಸಂದಿಯಲ್ಲಿ ಆಕಾಶಕ್ಕೆ ಹಾರುತ್ತದೆ.

ಅದರ ಜೊತೆಗೆ ಅವಳ ಸಾಕ್ಷಿಯೂ ಹಾರಿಹೋಯಿತು.

ಪೊಲೀಸರು ಬಂದಾಗ ಕಂಡದ್ದು ಇಷ್ಟು: ದವಡೆ ಮುರಿದು ಬಿದ್ದ ಡಾಕ್ಟರು, ರಕ್ತ ಮೆತ್ತಿದ ಸುತ್ತಿಗೆ, ಹುಚ್ಚು ಹಿಡಿದವರು ಒಡೆದಂಥ ಕಿಟಕಿ. ಹಿಂದಿನ ದಿನ ಹನ್ನೊಂದು ಜನರ ಮುಂದೆ "ಕೈ ಮುರೀತೀನಿ" ಎಂದಿದ್ದ ಹೆಂಗಸು. ಶೆಡ್ಡಿನಲ್ಲಿ ಅನಿಲದ ಸುಳಿವಿಲ್ಲ. ಕಳಚಿದ್ದ ಪೈಪೂ ಆ ಹೊಡೆದಾಟದಲ್ಲೇ ಕಳಚಿದ್ದೆಂದು ಬರೆದುಕೊಂಡರು. ಗೋಡೆಯ ಮೇಲೆ ಅಲಾರಂ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಯಾಕೆಂದರೆ ಎಲ್ಲರೂ ಆಂಬುಲೆನ್ಸಿನ ಸುತ್ತ ಇರುವಾಗ ನಾನು ಹೋಗಿ ಅದರ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ್ದೆ.

"ಅಲಾರಂ ಸರಿ ಇತ್ತಾ?" ಪೊಲೀಸ್ ಅಧಿಕಾರಿ ನನ್ನನ್ನು ಕೇಳಿದ.

"ಇತ್ತು" ಎಂದೆ.

ತೊಕಿಯೆ ಜೀಪಿನಲ್ಲಿ ಕೂತಿದ್ದಳು. ಕೈಗೆ ಬೇಡಿ. ಅವಳ ಬಲಗಿವಿ ನನ್ನ ಕಡೆಗೇ ಇತ್ತು. ನನ್ನ ಮಾತು ಅವಳಿಗೆ ಕೇಳಿಸಿತು. ಅವಳು ನನ್ನನ್ನು ಬಯ್ಯಲಿಲ್ಲ. ಸುಮ್ಮನೆ ನೋಡಿದಳು. ಆ ನೋಟಕ್ಕಿಂತ ಸುತ್ತಿಗೆಯ ಏಟೇ ವಾಸಿಯಾಗಿತ್ತು.

ಹದಿನೆಂಟು ದಿನ ಅವಳು ಠಾಣೆಯ ಕೋಣೆಯಲ್ಲಿದ್ದಳು. ಪತ್ರಿಕೆಯಲ್ಲಿ ಒಂದು ಮೂಲೆಯಲ್ಲಿ ಸುದ್ದಿ ಬಂತು. ಬಾಣಬಿರುಸಿನವನ ಮಗಳು, ರಕ್ತದಲ್ಲೇ ಬಂದಿದೆ, ಎಂದು ಊರು ಆಡಿಕೊಂಡಿತು. ಅಕುತ್ಸು ಅವರ ದವಡೆಗಳನ್ನು ತಂತಿಯಿಂದ ಹೊಲಿದಿದ್ದರು. ಅವರು ಕಾಗದದ ಮೇಲೆ ಎಡಗೈಯಲ್ಲಿ ಬರೆದು ದೂರು ಕೊಟ್ಟರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅನಿಲ ಇತ್ತೆಂದು ಅವರು ನಿಜವಾಗಿಯೂ ನಂಬಿರಲಿಲ್ಲ.

ಹದಿನೇಳನೇ ದಿನ ಚಿನಾತ್ಸು ನನ್ನ ಹತ್ತಿರ ಬಂದಳು. ತುಟಿಯ ಹೊಲಿಗೆ ಬಿಚ್ಚಿ ಕೆಂಪು ಗೆರೆ ಉಳಿದಿತ್ತು. ನಾನು ಹುಲ್ಲಿನ ಯಂತ್ರ ಆರಿಸಿದೆ.

"ಇಸೊಬೆ ಅವರೇ, ಆ ದಿನ ಎಂಟೂ ನಲವತ್ತರಿಂದ ಅನಿಲದ ಮೀಟರು ಸೊನ್ನೆ ತೋರಿಸಿದೆ. ಸೆಕೆಗೆ ಫಲಕ ಕೆಟ್ಟಿರ್ಬೇಕು ಅಂತ ಸೆನ್ಸೈ ಬರೆದಿದಾರೆ. ಮಾರನೇ ದಿನ ಪೈಪು ಬಿಗಿ ಮಾಡಿದ್ಮೇಲೆ ಅವೇ ಫಲಕ ಚೆನ್ನಾಗೇ ಕೆಲಸ ಮಾಡಿದಾವೆ. ಮೂರು ಗಂಟೆ ಬಿಸಿಲಲ್ಲಿ ಹುಟ್ಟಿದ್ದು ಎಲ್ಲಿಗ್ ಹೋಯ್ತು?"

"ನಂಗೇನ್ ಗೊತ್ತಮ್ಮಾ, ನಾನು ಹುಲ್ಲು ಕತ್ತರಿಸೋನು."

"ಶೆಡ್ಡಿಗೇ ಹೋಗಿದ್ರೆ ಅಲಾರಂ ಕೂಗ್ಬೇಕಿತ್ತು. ಯಾಕ್ ಕೂಗ್ಲಿಲ್ಲ?"

ನಾನು ಬಗ್ಗಿ ಯಂತ್ರಕ್ಕೆ ಅಂಟಿದ ಹುಲ್ಲು ಕೆರೆಯತೊಡಗಿದೆ.

"ನಾನು ಏಟು ತಿಂದಾಗ ನೀವೂ ಅಲ್ಲೇ ಇದ್ರಿ" ಎಂದಳು. ದನಿ ಎತ್ತಲಿಲ್ಲ. "ಅವಾಗ್ಲೂ ನೆಲಾನೇ ನೋಡ್ತಿದ್ರಿ."

ನಾನು ಕತ್ತರಿಸಿದ ಹುಲ್ಲಿನ ಮೇಲೆ ಕೂತುಬಿಟ್ಟೆ. ಕಿತ್ತದ್ದನ್ನೂ ಹೇಳಿದೆ, ಮತ್ತೆ ಸಿಕ್ಕಿಸಿದ್ದನ್ನೂ ಹೇಳಿದೆ. ಅವಳು ನನ್ನ ಅಂಗಿಯ ಕೊರಳು ಹಿಡಿದು ಎರಡು ಸಲ ಕುಲುಕಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ, ಅತ್ತಳು. ಅದೇ ಮಧ್ಯಾಹ್ನ ಅಂಗಳ ನಡೆಸುವ ಸಂಸ್ಥೆಯ ನಿರ್ದೇಶಕ ಕುರಾಮೊಚಿಯವರ ಮುಂದೆ, ಅಲ್ಲಿಂದ ಠಾಣೆಯಲ್ಲಿ, ಅದೆಲ್ಲವನ್ನೂ ಮತ್ತೆ ಹೇಳಿದೆ. ಮರುದಿನ ತೊಕಿಯೆಯನ್ನು ಹೊರಗೆ ಬಿಟ್ಟರು. ಆದರೆ ಪ್ರಕರಣ ಮುಗಿಯಲಿಲ್ಲ. ಅಲಾರಂ ಸತ್ತಿತ್ತು ಎಂದ ಮಾತ್ರಕ್ಕೆ ಅನಿಲ ಇತ್ತು ಎಂದಾಗಲಿಲ್ಲವಲ್ಲ.

"ಹಾಗಾದ್ರೆ ಮತ್ತೆ ತುಂಬ್ಸಿ" ಎಂದಳು ತೊಕಿಯೆ. "ಅದೇ ಶೆಡ್ಡು, ಕಿಟಕಿ ಗಾಜು ನಾನೇ ಕೂರಿಸ್ತೀನಿ, ಅದೇ ಫ್ಯಾನು, ಅದೇ ಪೈಪು ಕಳಚಿ ಬಿಡಿ. ಅಷ್ಟೇ ಹೊತ್ತು ಬಿಸಿಲು ಬೀಳ್ಲಿ. ಆಮೇಲೆ ದೂರದಿಂದ ಸ್ವಿಚ್ ಹಾಕಿ."

ಎಪ್ಪತ್ತು ದಾಟಿದ ಕುರಾಮೊಚಿ, ಆಗಲಿ ಎಂದರು.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಜೂನಿನ ನಮ್ಮ ಮಳೆ ಒಮ್ಮೆ ಕೂತರೆ ಏಳುವುದಿಲ್ಲ. ಒಂಬತ್ತು ದಿನ ಕಾದೆವು. ಹತ್ತನೇ ದಿನ ಮೋಡ ಹರಿದು ಸುಡುವ ಬಿಸಿಲು ಬಂತು. ಅಗ್ನಿಶಾಮಕದವರು ಬಂದರು, ಸರ್ಕಾರಿ ವಕೀಲ ಬಂದ. ಅಕುತ್ಸು ಕೈಗೆ ಪ್ಲಾಸ್ಟರು, ಬಾಯಿಗೆ ತಂತಿ, ಬಂದು ಮರಳು ಮೂಟೆಗಳ ಹಿಂದೆ ಕೂತರು. ಭತ್ತದ ಹೊಟ್ಟು ತುಂಬಿದ ಎರಡು ಗೋಣಿಗೊಂಬೆ ಮಾಡಿ, ಕೆಲಸದ ಬಟ್ಟೆ ತೊಡಿಸಿ, ಒಂದನ್ನು ಸ್ವಿಚ್ಚಿನ ಮುಂದೆ, ಇನ್ನೊಂದನ್ನು ಅದರ ಹಿಂದೆ ನಿಲ್ಲಿಸಿದ್ದೆವು. ಮುಚ್ಚಿದ್ದ ಬಾಗಿಲನ್ನು ಅವತ್ತಿನ ಹಾಗೇ ಕೊನೆಯ ಗಳಿಗೆಯಲ್ಲಿ ದೂರದಿಂದ ಹಗ್ಗ ಎಳೆದು ತೆರೆದೆವು. ತೊಕಿಯೆ ಎಲ್ಲರಿಗಿಂತ ಹಿಂದೆ, ತನ್ನ ಒಳ್ಳೆಯ ಕಿವಿಗೆ ಅಂಗೈ ಒತ್ತಿಕೊಂಡು ನಿಂತಿದ್ದಳು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅಗ್ನಿಶಾಮಕದ ಮುಖಂಡ ನೂರು ಮೀಟರು ಆಚೆಯಿಂದ ಗುಂಡಿ ಒತ್ತಿದ.

ಬೆಂಕಿ ಕಾಣಲೇ ಇಲ್ಲ. ಜಲಜನಕದ ಬೆಂಕಿ ಹಗಲಲ್ಲಿ ಕಾಣುವುದಿಲ್ಲ. ಕಂಡದ್ದು ಇಷ್ಟೇ: ಶೆಡ್ಡು ಇತ್ತು, ಆಮೇಲೆ ಇರಲಿಲ್ಲ. ಎದೆಗೆ ಯಾರೋ ಹಲಗೆಯಿಂದ ಹೊಡೆದ ಹಾಗಾಯಿತು. ಚಾವಣಿ ಹಾಳೆಯಂತೆ ಮಡಚಿಕೊಂಡು ಆಚೆಯ ತಾವರೆ ಗದ್ದೆಯ ಕೆಸರಿಗೆ ಬಿತ್ತು. ಕೆಳಗಿನ ಎರಡು ಸಾಲು ಗಾಜು ಒಂದೇ ಉಸಿರಿಗೆ ಪುಡಿಯಾದವು. ಹೊಟ್ಟು ಮಳೆಯಂತೆ ಬಹಳ ಹೊತ್ತು ಉದುರುತ್ತಿತ್ತು. ಒಂದು ಗೊಂಬೆಯ ತೋಳು ನಮ್ಮ ಮೂಟೆಗಳವರೆಗೂ ಬಂದು ಬಿದ್ದಿತು, ಬಟ್ಟೆ ಹೊಗೆಯಾಡುತ್ತ.

ಅಕುತ್ಸು ಅದನ್ನು ನೋಡುತ್ತಲೇ ಇದ್ದವರು ಇದ್ದಕ್ಕಿದ್ದ ಹಾಗೆ ಬಾಗಿದರು. ಹೊಟ್ಟೆಯಿಂದ ವಾಂತಿ ಎದ್ದು ಬಂತು. ಬಾಯಿ ತೆರೆಯಲು ಬಾರದು, ಹಲ್ಲುಗಳನ್ನು ತಂತಿ ಬಿಗಿದಿದೆ. ಮುಖ ನೀಲಿಯಾಗತೊಡಗಿತು, ಕಣ್ಣು ಹೊರಕ್ಕೆ ಬಂದವು. ಯಾರಿಗೂ ಏನೂ ತೋಚಲಿಲ್ಲ. ತೊಕಿಯೆ ಮೂಟೆಗಳನ್ನು ಹಾರಿ ಬಂದು ಅವರನ್ನು ಬೋರಲು ಕೆಡವಿ, ತಲೆಯನ್ನು ತನ್ನ ಮಂಡಿಯ ಕೆಳಕ್ಕೆ ಇಳಿಸಿ, ಕೆನ್ನೆಯೊಳಗೆ ಎರಡು ಬೆರಳು ತುರುಕಿ ದಾರಿ ಬಿಡಿಸಿದಳು. ತಂತಿಗೆ ಅವಳ ಬೆರಳು ಸೀಳಿತು.

"ಬಗ್ಗಿ. ಇನ್ನೂ ಬಗ್ಗಿ. ನುಂಗ್ಬೇಡಿ. ಮೂಗಲ್ಲಿ ಉಸಿರಾಡಿ. ಹಾಂ, ಹಾಗೇ."

ಅವರ ವಾಂತಿ, ಅವಳ ರಕ್ತ, ಇಬ್ಬರ ಬಟ್ಟೆಯೂ ಒಂದೇ ಬಣ್ಣ. ಉಸಿರು ಮರಳಿದ ಮೇಲೂ ಅವರು ಅವಳ ತೋಳಿನ ಬಟ್ಟೆಯನ್ನು ಬಿಡಲಿಲ್ಲ. ಹಲ್ಲುಗಳ ಸಂದಿಯಿಂದ ಏನೋ ಹೇಳಲು ಹೆಣಗಿದರು. ಅವಳು ಬಲಗಿವಿಯನ್ನು ಅವರ ಬಾಯಿಗೆ ಹಿಡಿದಳು.

"ನಾನು ಅಲ್ಲಿರ್ತಿದ್ದೆ" ಎಂದರಂತೆ.

"ನಾನೂ" ಎಂದಳು.

ಅಲ್ಲಿಗೆ ಮುಗಿಯಬೇಕಾಗಿತ್ತು. ಸರ್ಕಾರಿ ವಕೀಲ, ಕನ್ನಡಕದ ಎಳೆಯ ಮನುಷ್ಯ, ಕಾಗದಗಳನ್ನು ಚೀಲಕ್ಕೆ ತುಂಬುತ್ತ, "ಪ್ರಾಣ ಉಳಿಸೋಕೆ ಹೊಡೆದದ್ದು ಅಂತ ಸ್ಪಷ್ಟ ಆಯ್ತು. ಇನ್ನು ನಿಮ್ಮ ಮೇಲೆ ಏನಿಲ್ಲ, ನುಮಾಜಿರಿ ಅವರೇ" ಎಂದ.

"ಇದೆ" ಎಂದಳು ತೊಕಿಯೆ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. "ಮೊದಲನೇ ಏಟಿಗೇ ಸ್ವಿಚ್ಚಿಂದ ಕೈ ಬಿಟ್ಟಿದ್ರು. ಮಂಡಿ ಊರಿ ಬಿದ್ದಿದ್ರು. ಎಡಗೈ ಎತ್ತಿದ್ದು ಸ್ವಿಚ್ಚಿಗಲ್ಲ, ಮುಖ ಮುಚ್ಕೊಳ್ಳೋಕೆ. ನಾನು ಅದನ್ನ ನೋಡ್ದೆ. ನೋಡಿಯೇ ಹೊಡ್ದೆ."

"ಅದನ್ನ ನಾನು ಕೇಳ್ಲಿಲ್ಲ..."

"ನೀವು ಕೇಳಲ್ಲ ಅಂತ್ಲೇ ಹೇಳ್ತಿರೋದು. ಮೊದಲನೇದು ಪ್ರಾಣಕ್ಕೆ. ಎರಡನೇದಕ್ಕೆ ಯಾವ ಕಾರಣಾನೂ ಇಲ್ಲ. ಹೊಡೆದಾಗ ಹಿತ ಆಯ್ತು ನಂಗೆ. ಹಿತ ಆಯ್ತು ಅಂತ್ಲೂ ಬರ್ಕೊಳ್ಳಿ."

ವಕೀಲ ಪೆನ್ನು ಹಿಡಿದವನು ಹಿಡಿದೇ ಇದ್ದ. ಚಿನಾತ್ಸು ಅವಳ ತೋಳು ಜಗ್ಗಿ, "ಅಕ್ಕಾ, ಸಾಕು" ಎಂದಳು. ಅವಳು ಬಿಡಲಿಲ್ಲ. ಕೊನೆಗೆ ಅವನು ಬರೆದುಕೊಂಡ. ಮೊಕದ್ದಮೆ ಹೂಡದೆ ಎಚ್ಚರಿಕೆ ಕೊಟ್ಟು ಬಿಟ್ಟರು, ಆದರೆ ಆ ಮಾತು ದಾಖಲೆಯಲ್ಲಿ ಉಳಿಯಿತು. ಅವಳಿಗೆ ಬೇಕಾದದ್ದೂ ಅದೇ.

ಸುಳ್ಳು ಹೇಳಿದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಸರಿಯಾಗಿಯೇ ತೆಗೆದರು. ಈಗ ಪಕ್ಕದ ತಾವರೆ ಗದ್ದೆಗಳಲ್ಲಿ ಸೊಂಟದವರೆಗೆ ಕೆಸರಿನಲ್ಲಿ ನಿಂತು ಗೆಡ್ಡೆ ಕೀಳುತ್ತೇನೆ. ಚಾವಣಿಯ ತಗಡಿನ ಚೂರುಗಳು ಇವತ್ತಿಗೂ ಕಾಲಿಗೆ ತಾಗುತ್ತವೆ. ಅಕುತ್ಸು ಅವರನ್ನೂ ಕುರಾಮೊಚಿ ಉಳಿಸಿಕೊಳ್ಳಲಿಲ್ಲ. ಹುಡುಗಿಯ ತುಟಿ ಸೀಳಿದ್ದಕ್ಕೆ ಎಂದು ಪತ್ರದಲ್ಲೇ ಬರೆದರು. ಅವರ ಮಣಿಕಟ್ಟು ಪೂರ್ತಿ ಕೂಡಲಿಲ್ಲ. ಪ್ರತಿ ಹೊಸ ವರ್ಷಕ್ಕೆ ತೊಕಿಯೆಗೆ ಅವರಿಂದ ಒಂದು ಕಾರ್ಡು ಬರುತ್ತದೆ. ಸೊಟ್ಟ ಅಕ್ಷರದಲ್ಲಿ ಹೆಸರು, ವಿಳಾಸ, ಅಷ್ಟೇ. ಅವಳೂ ಅಷ್ಟನ್ನೇ ಬರೆದು ಕಳಿಸುತ್ತಾಳೆ.

ಅಂಗಳ ಈಗ ಚಿನಾತ್ಸುವಿನ ಕೈಯಲ್ಲಿದೆ. ಶೆಡ್ಡಿಗೆ ಚಾವಣಿಯಿಲ್ಲ, ಬರೀ ಜಾಲರಿ. ತೊಕಿಯೆಗೆ ಅರವತ್ತನಾಲ್ಕು. ಹೊಸದಾಗಿ ಸೇರಿದವರನ್ನೆಲ್ಲ ಮೊದಲ ದಿನ ಕರೆದುಕೊಂಡು ಹೋಗಿ ಒಂದು ಸಣ್ಣ ಡಬ್ಬದಲ್ಲಿ ಮದ್ದು ತುಂಬಿ ಸಿಡಿಸಿ ತೋರಿಸುತ್ತಾಳೆ. ಕೆಲವರು ಅಳುತ್ತಾರಂತೆ. ಅಳಲಿ, ಒಳ್ಳೇದು, ಎನ್ನುತ್ತಾಳೆ.

ಹೋದ ಶರತ್ಕಾಲದಲ್ಲಿ ಊರಿನ ಒಂದು ಬಸ್ಸನ್ನು ಆ ಅಂಗಳದ ಇಂಧನದಿಂದಲೇ ಓಡಿಸಿ ನೋಡಿದರು. ಒಂದು ತಿಂಗಳ ಬಿಸಿಲನ್ನೆಲ್ಲ ಕೂಡಿಟ್ಟರೆ ಬಸ್ಸು ಓಡುವುದು ಇಪ್ಪತ್ತು ಕಿಲೋಮೀಟರು. ನಾನು ಹತ್ತುವ ಹೊತ್ತಿಗೆ ಅವಳು ಮುಂದಿನ ಸೀಟಿನಲ್ಲಿ ಕೂತು ಒಣಗೆಣಸು ಅಗಿಯುತ್ತಿದ್ದಳು. ಅಷ್ಟು ವರ್ಷಗಳಲ್ಲಿ ನಾನು ಅವಳ ಹತ್ತಿರ ಹೋಗಿ ಕೂತಿರಲಿಲ್ಲ. ಹಿಂದೆ ಹೋಗಲು ಹೊರಟೆ.

"ಇಲ್ಲೇ ಕೂತ್ಕೋ" ಎಂದಳು. "ಈ ಕಡೆ ಕೂತ್ಕೋ, ಆ ಕಿವಿ ಕೇಳ್ಸಲ್ಲ."

ಕೂತೆ. ಮಾತಾಡಬೇಕೆಂದು ಬಹಳ ಇತ್ತು. ಅವಳು ಗೆಣಸಿನ ಒಂದು ತುಂಡು ನನ್ನ ಕೈಗಿಟ್ಟಳು. ಬಸ್ಸು ಸರೋವರದ ದಂಡೆ ಹಿಡಿದು ಸದ್ದಿಲ್ಲದೆ ಹೋಯಿತು. ನಾವಿಬ್ಬರೂ ಗೆಣಸು ಅಗಿಯುತ್ತ ಕೂತೆವು.